ಆಷಾಢದ ಅಕ್ಷರ

ಡಬ್ಬಿ. ಎಲ್ಲಿ ನೋಡಿದರೂ ಖಾಲಿ ಡಬ್ಬಿ.

ಬೆಳಿಗ್ಗೆ ಎಂಟಕ್ಕೆ ಶಹಾಬಾದಿನ ನನ್ನ ಡಿಟಿಪಿ ಅಂಗಡಿಯ ಶಟರ್ ಎತ್ತಿ, ಕಸ ಕೂಡ ಹೊಡೆಯದೆ ಭಾಗ್ಯಶ್ರೀಯ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ಅವಳು ಗುಂಡಿ ಒತ್ತಿದಳು, ಗ್ರಾಫ್ ಮೂಡಿತು. ಐದು ತಿಂಗಳಿಗೆ ಐದು ಕಂಬ, ಅಡ್ಡಲಾಗಿ ಅಪಾಯದ ಕೆಂಪು ಗೆರೆ, ಎಲ್ಲ ಚೆಂದ. ಆದರೆ ಅಕ್ಷರ ಬರಬೇಕಾದಲ್ಲೆಲ್ಲ ಸಾಲುಸಾಲು ಡಬ್ಬಿಗಳು. ಎರಡು ತಿಂಗಳು ಬಿಸಿಲಲ್ಲಿ ಊರೂರು ತಿರುಗಿ ನಾನು ಮಾಡಿದ ಫಾಂಟಿನ ಒಂದು ಅಕ್ಷರವೂ ಅಲ್ಲಿರಲಿಲ್ಲ.

"ಏನಿದು ಭಾಗ್ಯಾ? ನಾ ಅಕ್ಷರ ಕೊಟ್ಟೀನಿ, ನೀ ಬಿಸ್ಕೀಟಿನ ಡಬ್ಬಿ ತೋರಸಾಕತ್ತಿದಿ!"

"ಜರಾ ತಡೀರಿ ಅಕ್ಕಾ, ನೋಡಾಕತ್ತೀನಿ."

"ಎಷ್ಟು ತಡೀಲಿ? ನಾಕು ಗಂಟೆಕ್ಕ ಪಂಚಾಯ್ತಿ ಅಧ್ಯಕ್ಷರು ಬಂದು ಕುಂದ್ರತಾರ!"

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಅಂದಿನ ಸಿಟ್ಟಿಗೆ ಮಾತ್ರ ಕಾರಣವಿತ್ತು.

ನಮ್ಮ ಅಪ್ಪ ಸಾಬಣ್ಣ ನಲವತ್ತು ವರ್ಷ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಅಕ್ಷರ ಕೆತ್ತಿದವನು. ನಮ್ಮದು ಹೊಳೆ ದಂಡೆಯ ಮನೆತನ. ಅಜ್ಜ ಕಾಗಿಣಾ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ, ಅಪ್ಪ ಹುಟ್ಟು ಬಿಟ್ಟು ಉಳಿ ಹಿಡಿದ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ಮನೆಗಳ ಬಾಗಿಲ ಮೇಲೆ, ಗುಡಿಗಳ ಕಟ್ಟೆಯ ಮೇಲೆ ಇವತ್ತಿಗೂ ಅವನ ಕೈ ಕಾಣುತ್ತದೆ. ಹೋದ ದಸರೆಯ ಹೊತ್ತಿಗೆ ಲಕ್ವಾ ಹೊಡೆದು ಬಲಗೈ ನಿಂತುಹೋಯಿತು. ಅಂದಿನಿಂದ ಮಾತೂ ಹೆಚ್ಚುಕಡಿಮೆ ನಿಂತಿತು. ಅವ್ವ ಮರೆಮ್ಮ ದಿನಾ ಬೆಳಿಗ್ಗೆ ಅವನನ್ನು ಕರೆತಂದು ನನ್ನ ಅಂಗಡಿಯ ಖುರ್ಚಿಯಲ್ಲಿ ಕೂಡಿಸುತ್ತಾಳೆ. ಅವನು ರಸ್ತೆ ನೋಡುತ್ತ ಕೂರುತ್ತಾನೆ.

ಹೀಗಿರುವಾಗ ಹೊಳೆ ದಂಡೆಯ ನಮ್ಮ ಮೂಲ ಊರಿನ ಪಂಚಾಯಿತಿ ಅಧ್ಯಕ್ಷರು ದೇವಿಂದ್ರಪ್ಪನವರು ಅಂಗಡಿಗೆ ಬಂದರು. ಹೊಳೆಗೆ ಇಳಿಯುವ ಮೆಟ್ಟಿಲ ಹತ್ತಿರ ಒಂದು ಕಲ್ಲು ನಿಲ್ಲಿಸಬೇಕು, ಮೂವತ್ತು ವರ್ಷದಲ್ಲಿ ಯಾವ ತಿಂಗಳು ನೀರು ಎಷ್ಟು ಅಡಿ ಏರಿತ್ತು ಎಂಬ ಗ್ರಾಫ್ ಅದರ ಮೇಲಿರಬೇಕು, ನೋಡಿದವರಿಗೆ ಮನೆ ಖಾಲಿ ಮಾಡುವ ಹೊತ್ತು ತಾವಾಗೇ ತಿಳಿಯಬೇಕು ಅಂದರು. ಗ್ರಾಫ್ ಮಾಡಿಕೊಡಲು ಸೇಡಂನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ ಭಾಗ್ಯಶ್ರೀ ಒಪ್ಪಿದ್ದಳು. ಅವರ ಮಾತು ಮುಗಿಯುವಷ್ಟರಲ್ಲಿ ಖುರ್ಚಿಯಲ್ಲಿದ್ದ ಅಪ್ಪ ಬಾಯಿ ತೆಗೆದ.

"ಯಾರು ಕೆತ್ತತಾರ?"

"ನೀನೇ ಅಪ್ಪಾ," ಅಂದುಬಿಟ್ಟೆ. ಹಿಂದೆ ಮುಂದೆ ನೋಡಿ ಮಾತಾಡುವ ಜಾತಿ ನನ್ನದಲ್ಲ.

"ನಂದು ಕೈ ಎಲ್ಲದ?"

"ನಿನ್ನ ಕೈ ಆ ಕಲ್ಲುಗಳ ಮ್ಯಾಲ ಅದ. ನಾ ತರ್ತೀನಿ."

ಭಾನುವಾರ ಬಂತೆಂದರೆ ಸ್ಕೂಟಿ ಹತ್ತುತ್ತಿದ್ದೆ. ಅಪ್ಪ ಕೆತ್ತಿದ ಕಲ್ಲುಗಳ ಮೇಲೆ ಹಾಳೆ ಹಾಸಿ, ಇದ್ದಿಲು ಉಜ್ಜಿ ಅಚ್ಚು ತೆಗೆದೆ. ಒಂದೊಂದೇ ಅಕ್ಷರವನ್ನು ಕಂಪ್ಯೂಟರಿನಲ್ಲಿ ತಿದ್ದಿ ಫಾಂಟ್ ಮಾಡಿದೆ. ಆ ಅಕ್ಷರದಲ್ಲೇ ಭಾಗ್ಯಶ್ರೀ ಗ್ರಾಫ್ ಬಿಡಿಸಿ ಶೌಕತ ಅಲಿ ಚಾಚಾನ ಕಲ್ಲಿನ ಕಾರ್ಖಾನೆಗೆ ಕಳಿಸಿದರೆ, ಅಲ್ಲಿ ಮರಳು ಹೊಡೆಯುವ ಯಂತ್ರ ಅದನ್ನು ಕಲ್ಲಿಗೆ ಇಳಿಸುತ್ತದೆ. ಚಾಚಾ ಅಪ್ಪನಿಗೆ ಮೂವತ್ತು ವರ್ಷ ಕಲ್ಲು ಕೊಟ್ಟವನು, ದೋಸ್ತ.

ಮಳೆ ಹತ್ತಿರ ಬಂದಿತ್ತು. ಕಲ್ಲು ನಾಳೆ ಬೆಳಿಗ್ಗೆಯೇ ನಿಲ್ಲಬೇಕು, ಇವತ್ತು ನಾಲ್ಕರೊಳಗೆ ಗ್ರಾಫ್ ಬರದಿದ್ದರೆ ರೆಡಿಮೇಡ್ ಕಂಪ್ಯೂಟರ್ ಅಕ್ಷರ ಹಾಕಿ ಹೊಡೆಸುತ್ತೇನೆ ಎಂದು ದೇವಿಂದ್ರಪ್ಪನವರು ಖಡಕ್ಕಾಗಿ ಹೇಳಿದ್ದರು. ಅವರದೂ ತಪ್ಪಿಲ್ಲ. ಆದರೆ ಅಪ್ಪನ ಕೈಯಿಂದ ಇನ್ನೊಂದು ಕಲ್ಲು ಬರುವುದಾದರೆ ಅದು ಇದೊಂದೇ. ಅದರಲ್ಲಿ ರೆಡಿಮೇಡ್ ಅಕ್ಷರ ಬಂದರೆ ನಾನು ಅಪ್ಪನ ಮುಂದೆ ಮುಖ ಹೇಗೆ ಎತ್ತಲಿ?

"ಅಕ್ಕಾ, ಸಿಕ್ತು!" ಭಾಗ್ಯಶ್ರೀ ಚೀರಿದಳು. ಅವಳು ಬಳಸುವ ತಂತ್ರಾಂಶದ ಹೆಸರು ಆರ್, ಬರೀ ಒಂದಕ್ಷರ. "ಈ ಆರ್ ಚಿತ್ರ ಬಿಡಸೂದ್ರಾಗ ಭಾರೀ ಹುಷಾರ್ ಅದ, ಆದ್ರ ಮದಲಿಂದ ಅದಕ್ಕ ಕನ್ನಡ ಬರೂದಿಲ್ಲ. ಒತ್ತಕ್ಷರ ಕೂಡಸಾಕ ಬ್ಯಾರೆ ಒಂದು ಜೋಡಣಿ ಹಾಕಬೇಕು. ಹಾಕೀನಿ. ಈಗ ನೋಡ್ರಿ."

ಗುಂಡಿ ಒತ್ತಿದಳು. ಡಬ್ಬಿ ಹೋದವು! ಕನ್ನಡ ಬಂತು, ಒತ್ತು, ದೀರ್ಘ ಎಲ್ಲ ತಮ್ಮ ತಮ್ಮ ಜಾಗದಲ್ಲಿ. "ಶಾಬಾಶ್!" ಎಂದು ಅವಳ ಬೆನ್ನಿಗೆ ಗುದ್ದಿದೆ. ಲ್ಯಾಪ್‌ಟಾಪನ್ನು ಎತ್ತಿ ಖುರ್ಚಿಯಲ್ಲಿದ್ದ ಅಪ್ಪನ ಮುಂದೆ ಹಿಡಿದೆ.

ಅಪ್ಪ ನೋಡಿದ. ತಲೆ ಅಲ್ಲಾಡಿಸಿದ. "ನಂದಲ್ಲ."

ಮತ್ತೆ ನೋಡಿದೆ. ಹೌದು, ಅವನದಲ್ಲ. ಯಾವ ಸರ್ಕಾರಿ ಕಾಗದದಲ್ಲಾದರೂ ಕಾಣುವ ಅದೇ ನುಣುಪು ಅಕ್ಷರ. ಡಬ್ಬಿ ಹೋದ ಖುಷಿಗೆ ನನ್ನ ಕಣ್ಣೇ ಮಂಜಾಗಿತ್ತು.

"ಫಾಂಟಿನ ಹೆಸರು ಏನಿಟ್ಟೀರಿ ಅಕ್ಕಾ?"

"ಸಾಬಣ್ಣ. ಮತ್ತೇನಿಡ್ಲಿ?"

"ನಾನೂ ಅದೇ ಹೆಸರು ಕೇಳಾಕತ್ತೀನಿ. ಅಂಥವರು ಇಲ್ಲಿ ಯಾರೂ ಇಲ್ಲ ಅಂತದ. ಇಲ್ಲಂದ್ರ ನಮ್ಮನ್ನ ಕೇಳೂದಿಲ್ಲ ಇದು, ಸುಮ್ಮ ಬ್ಯಾರೆ ಫಾಂಟ್ ಹಾಕಿ ಕೂಡತದ."

"ಕಡತದ ಹೆಸರು ನೋಡು, ಸಾಬಣ್ಣ ಅಂತ ಎದ್ದು ಕಾಣತದ!"

"ಮ್ಯಾಲಿನ ಹೆಸರು ಅಲ್ರಿ. ಫಾಂಟಿನ ಹೊಟ್ಟಿಯಾಗ ಒಂದು ಹೆಸರು ಇರತದ. ಆರ್ ಅದನ್ನೇ ಓದತದ."

ತೆರೆದು ನೋಡಿದರೆ ಒಳಗೆ ಇದ್ದದ್ದು 'ಅನ್‌ಟೈಟಲ್ಡ್'. ಹೆಸರಿಲ್ಲದ್ದು! ಫಾಂಟ್ ಮಾಡುವ ತಂತ್ರಾಂಶ ಮೊದಲ ದಿನ ತಾನಾಗಿ ಹಾಕಿದ್ದನ್ನು ನಾನು ಎರಡು ತಿಂಗಳು ಹಾಗೇ ಬಿಟ್ಟಿದ್ದೆ. ನಲವತ್ತು ವರ್ಷ ಉಳಿ ಹಿಡಿದವನ ಅಕ್ಷರಕ್ಕೆ ಮಗಳು ಹೆಸರಿಟ್ಟಿರಲಿಲ್ಲ. ಇಡೀ ಊರಿಗೆ ಬೈಯುವ ನಾನು ಅವತ್ತು ನನಗೇ ಬೈದುಕೊಂಡೆ, ಅದೂ ಗಟ್ಟಿಯಾಗಿ. ಭಾಗ್ಯಶ್ರೀ ಮುಸಿಮುಸಿ ನಕ್ಕಳು.

ಒಳಗಿನ ಹೆಸರು ತಿದ್ದಿದೆ. ಫಾಂಟನ್ನು ಲ್ಯಾಪ್‌ಟಾಪಿಗೆ ಹೊಸದಾಗಿ ತುಂಬಿಸಿದೆ. ಅವಳು ಗುಂಡಿ ಒತ್ತಿದಳು.

ಈ ಸಲ ನಾನು ಲ್ಯಾಪ್‌ಟಾಪ್ ಎತ್ತುವ ಮೊದಲೇ ಅಪ್ಪ ಎದ್ದಿದ್ದ. ಕೋಲು ಊರಿ ಬಂದು ಪರದೆಗೆ ಮೂಗು ತಾಗುವಷ್ಟು ಬಾಗಿದ. ಎಡಗೈಯ ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಯಿತು.

"ಈ ಮ ಸೇಡಂದು. ಶೆಟ್ಟರ ಮನಿ ಬಾಗಲಾ." ಬೆರಳು ಸರಿಯಿತು. "ಶ್ರಾ... ಚಿಂಚೋಳಿ ಗುಡಿ ಕಟ್ಟಿದು. ಆ ಕಲ್ಲು ಭಾಳ ಬಿರುಸಿತ್ತು."

ಅಪ್ಪ ಮಾತಾಡುತ್ತಿದ್ದ! ಒಂದರ ಮೇಲೊಂದು, ತಡೆಯಿಲ್ಲದೆ. ಮೂಲೆಯಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತ ಕುಳಿತಿದ್ದ ಅವ್ವ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ನನಗೆ ನಗು ಬಂತು.

ಕೆಳಗಿನ ಸಾಲಿನಲ್ಲಿ ತಿಂಗಳುಗಳಿದ್ದವು. ಜ್ಯೇಷ್ಠ ದಾಟಿ ಬೆರಳು ಆಷಾಢಕ್ಕೆ ಬಂದು ನಿಂತಿತು.

"ಇದೊಂದು ಪರದೇಶಿ," ಅಂದ ಅಪ್ಪ.

ನೋಡಿದೆವು. 'ಆಷಾ' ಅವನದೇ. ಕೊನೆಯ 'ಢ' ಮಾತ್ರ ಆ ನುಣುಪು ರೆಡಿಮೇಡ್. ನನ್ನ ಫಾಂಟಿನಲ್ಲಿ ಢ ಇರಲೇ ಇಲ್ಲ, ಆರ್ ಸದ್ದಿಲ್ಲದೆ ಬೇರೆ ಫಾಂಟಿನದನ್ನು ತಂದು ತುರುಕಿತ್ತು. ಗ್ರಾಫಿನಲ್ಲಿ ಮೊದಲು ಜೂನ್, ಜುಲೈ ಎಂದಿತ್ತು. ಹೊಳೆ ದಂಡೆಯ ಹಿರಿಯರು ಅದನ್ನು ಒಪ್ಪದೆ, ನಾವು ಅಮಾವಾಸ್ಯೆ ಹುಣ್ಣಿಮೆ ಹಿಡಿದು ಎಣಿಸುವವರು, ನಮ್ಮ ತಿಂಗಳು ಹಾಕಿರಿ ಅಂದಿದ್ದರು. ನಿನ್ನೆ ಸಂಜೆ ತಾನೇ ಬದಲಾಯಿಸಿದ್ದೆವು.

"ನಿಮ್ಮ ಅಚ್ಚುಗಳ ಕಟ್ಟು ತಗೀರಿ ಅಕ್ಕಾ, ಎಲ್ಲೋ ಇರತದ."

ಕಟ್ಟು ಬಿಚ್ಚಿ ನೆಲದ ತುಂಬ ಹರವಿದೆವು. ಜ್ಯೇಷ್ಠ ಸೇಡಂನ ಒಂದು ಗೃಹಪ್ರವೇಶದ ಕಲ್ಲಿನಲ್ಲಿತ್ತು. ಶ್ರಾವಣ ಬೇಕಾದಷ್ಟು. ಭಾದ್ರಪದ ಗಣಪತಿ ಕೂಡಿಸುವ ಕಟ್ಟೆಯಲ್ಲಿತ್ತು, ಆಶ್ವೀಜ ದೇವಿ ಗುಡಿಯಲ್ಲಿತ್ತು. ಆಷಾಢ ಒಂದೂ ಇಲ್ಲ. ಆಗ ನನ್ನ ತಲೆಗೆ ಹೊಳೆಯಿತು: ಆಷಾಢದಲ್ಲಿ ಯಾರು ಕಲ್ಲು ಕೆತ್ತಿಸುತ್ತಾರೆ? ಆ ತಿಂಗಳು ಲಗ್ನವಿಲ್ಲ, ಗೃಹಪ್ರವೇಶವಿಲ್ಲ, ಅಡಿಗಲ್ಲಿಲ್ಲ. ಆಷಾಢದಲ್ಲಿ ಸತ್ತವರ ಕಲ್ಲಿರಬಹುದು, ಆದರೆ ಸಮಾಧಿಯ ಕಲ್ಲನ್ನು ಅಪ್ಪ ಒಂದು ದಿನವೂ ಮುಟ್ಟಿದವನಲ್ಲ.

"ಜುಲೈ ಅಂತ ವಾಪಸ್ ಹಾಕಿಬಿಡ್ಲೇನ್ರಿ?"

"ಹುಚ್ಚೀ, ನಿನ್ನ ಗ್ರಾಫ್ ನೀನೇ ನೋಡು! ಎರಡನೇ ಎತ್ತರದ ಕಂಬ ಯಾವುದದ? ಆಷಾಢದಾಗ ಹೊಳಿ ಬರೂದಿಲ್ಲ ಅಂತ ನಮ್ಮ ಮಂದಿ ಕಾಲು ಚಾಚಿ ಮಲಗತಾರ. ಆ ಮಾತು ಸುಳ್ಳು ಅಂತ ಹೇಳಾಕೇ ಈ ಕಲ್ಲು ನಿಲ್ಲಸೂದು."

ನಾನು ಒಂದು ಕಳ್ಳ ಕೆಲಸ ಮಾಡಿದೆ. ಅಪ್ಪನ ಡ ತೆಗೆದುಕೊಂಡು, ಅವನದೇ ಧದ ಕೆಳಗಿನ ಸೀಳು ಕತ್ತರಿಸಿ ಅದಕ್ಕೆ ಅಂಟಿಸಿ ಢ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ನೋಡಲು ಥೇಟ್ ಅಪ್ಪನದೇ.

ಅಪ್ಪನಿಗೆ ತೋರಿಸಿದೆ. ಅವನು ಒಂದು ಕ್ಷಣ ಕೂಡ ತೆಗೆದುಕೊಳ್ಳಲಿಲ್ಲ. "ಸುಳ್ಳಾ ಇದು. ಡದ ಹೊಟ್ಟಿ ಸಣ್ಣದು. ಅಲ್ಲಿ ಸೀಳಿದ್ರ ಕಲ್ಲು ಚಕ್ಕಿ ಏಳತದ. ಢ ಕೆತ್ತಬೇಕಾದ್ರ ಹೊಟ್ಟಿ ಮದಲೇ ಅಗಲ ಬಿಡಬೇಕು."

"ಹಂಗಾದ್ರ ಎಡಗೈಲೇ ಒಂದು ಬರದು ಕೊಡಲ್ಲಾ!"

"ಎಡಗೈ ಅಕ್ಷರ ಕಲ್ಲಿಗೆ ಹಾಕಬಾರದು," ಎಂದು ಹೋಗಿ ಖುರ್ಚಿಯಲ್ಲಿ ಕುಳಿತ. ಮುಖ ಮತ್ತೆ ರಸ್ತೆಯ ಕಡೆ ತಿರುಗಿತು.

ಚಾಚಾಗೆ ಫೋನ್ ಮಾಡಿದೆ. "ಢ? ಢಾಬಾದ ಬೋರ್ಡ್ ನೋಡವ್ವಾ, ರಸ್ತೆ ತುಂಬ ಅವ!" ಎಂದು ನಕ್ಕ. "ಅವು ಬಣ್ಣದ್ದು ಚಾಚಾ, ನನಗ ಅಪ್ಪ ಕೆತ್ತಿದ್ದು ಬೇಕು," ಎಂದು ಫೋನಿಟ್ಟೆ. ಆಗಲೇ ಭಾಗ್ಯಶ್ರೀ ಕುಣಿದಳು.

"ಪ್ರೌಢ ಶಾಲೆ! ಅಕ್ಕಾ, ಪ್ರೌಢ ಶಾಲೆ!"

ಅಯ್ಯ ನನ್ನ ತಲೆಯೇ! ಚಿತ್ತಾಪುರದ ಒಂದು ಹಳೆಯ ಶಾಲೆಯ ಅಡಿಗಲ್ಲು ಅಪ್ಪನೇ ಕೆತ್ತಿದ್ದ. ಅಷ್ಟು ದೊಡ್ಡ ಕಲ್ಲು ಎಂದು ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿದ್ದೆ. ಅಪ್ಪನನ್ನು ಕೇಳುವ ತಾಳ್ಮೆ ಯಾರಿಗಿತ್ತು? ಲ್ಯಾಪ್‌ಟಾಪ್ ಚೀಲಕ್ಕೆ, ಭಾಗ್ಯಶ್ರೀ ಸ್ಕೂಟಿಯ ಹಿಂದಕ್ಕೆ. ಹನ್ನೊಂದೂವರೆಗೆ ಶಹಾಬಾದ ಬಿಟ್ಟೆವು. ವಾಡಿಯ ರೈಲ್ವೆ ಗೇಟಿನಲ್ಲಿ ಸಿಮೆಂಟಿನ ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಇಲ್ಲದೆ ಹೋಗುತ್ತಿತ್ತು. ಡಬ್ಬಿ ಎಣಿಸಿ ಎಣಿಸಿ ಭಾಗ್ಯಶ್ರೀಗೆ ನಗು ಬಂತು, ನನಗೆ ಬೈಗುಳ ಬಂತು.

ಚಿತ್ತಾಪುರದ ಶಾಲೆಗೆ ರಜೆ. ಕಾವಲುಗಾರ ಖಂಡೆಪ್ಪ ಗೇಟು ತೆಗೆದ. ಓಡಿದೆವು. ಗೋಡೆಯಲ್ಲಿ ಕಲ್ಲು ಇತ್ತು, ಅಪ್ಪನ ಕೈಯೇ, ಸುಣ್ಣ ಬಡಿದುಕೊಂಡು. ದುಪಟ್ಟಾದಿಂದ ಸುಣ್ಣ ಒರೆಸಿದೆ. ಒಂದೊಂದೇ ಅಕ್ಷರ ಎದ್ದವು.

'ಹಾಯಸ್ಕೂಲ'.

ಪ್ರೌಢ ಎಂದು ಯಾರೂ ಬರೆಸಿರಲಿಲ್ಲ. ನಮ್ಮ ಹಿಂದಿನ ಮಂದಿ ಬಾಯಲ್ಲಿ ಏನನ್ನುತ್ತಿದ್ದರೋ ಅದನ್ನೇ ಬರೆಸಿದ್ದರು. ನಾನು ಅಲ್ಲೇ ಬಿಸಿಲಲ್ಲಿ ಕುಕ್ಕರಿಸಿ ಕುಳಿತೆ. ಗಂಟೆ ಒಂದಾಗಿತ್ತು.

ವಾಪಸು ಬರುವಾಗ ವಾಡಿಯ ಹೋಟೆಲಿನಲ್ಲಿ ಚಹಾ ತೆಗೆದುಕೊಂಡೆವು. ದೇವಿಂದ್ರಪ್ಪನವರ ಫೋನು ಬಂತು. "ಏನಾತ್ರಿ ಸುಜಾತಾ ತಂಗಿ? ನಾ ಕಾರ್ಖಾನ್ಯಾಗೇ ಬಂದು ಕುಂತೀನಿ." "ನಾಕಕ್ಕ ಅಂದೀರಿ, ನಾಕಕ್ಕ ಕೊಡ್ತೀನ್ರಿ," ಎಂದು ಗಟ್ಟಿಯಾಗಿ ಹೇಳಿದೆ. ಹೇಗೆ ಕೊಡುತ್ತೇನೆ ಎಂಬುದು ದೇವರಿಗೇ ಗೊತ್ತಿತ್ತು. ಫೋನ್ ಇಡುತ್ತಿದ್ದಂತೆ ಮತ್ತೆ ಬಾರಿಸಿತು. ಅವ್ವ.

"ಎಲ್ಲಿದ್ದೀರಿ?"

"ವಾಡ್ಯಾಗ. ಅಲ್ಲೂ ಸಿಗಲಿಲ್ಲವ್ವಾ."

"ಅಲ್ಲೇ ನಿಂದರ್ರಿ. ನಾ ನಿಮ್ಮಪ್ಪನ್ನ ಟಂಟಂದಾಗ ಹಾಕ್ಕೊಂಡು ಬರಾಕತ್ತೀನಿ. ಒಂದು ಹಾರಿ ಎಲ್ಲೆರ ಸಿಗತದೇನು ನೋಡು."

"ಹಾರಿ? ಹಾರಿ ಯಾಕ?"

ಫೋನ್ ಕಟ್ಟಾಗಿತ್ತು.

ಹೋಟೆಲಿನವನ ಹತ್ತಿರ ಒಂದು ಹಾರೆ ಇಸಿದುಕೊಳ್ಳುವಷ್ಟರಲ್ಲಿ ಟಂಟಂ ಆಟೋ ಬಂತು. ಅವ್ವ ಮುಂದೆ, ಅಪ್ಪ ಹಿಂದೆ. ಅಪ್ಪನ ಮುಖ ಕೆಂಪಗಿತ್ತು. "ಬ್ಯಾಡ ಅಂದ್ರ ಕೇಳೂದಿಲ್ಲ ಇವಳು," ಎಂದು ಗೊಣಗುತ್ತಿದ್ದ. ಅವ್ವ ಅವನ ಕಡೆ ನೋಡದೆ ದಾರಿ ತೋರಿಸಿದಳು: ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಓಣಿ, ಬೇವಿನ ಮರ, ಎಡಕ್ಕೆ ಮೂರನೆಯ ಮನೆ. ನಾನು ಹುಟ್ಟುವ ಮೊದಲು ಅವರಿಬ್ಬರೂ ಬಾಡಿಗೆಗಿದ್ದ ಮನೆ. ಈಗ ಅದು ಹಣಮಮ್ಮನದು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ಮಂದಿ, ಒಂದು ಲ್ಯಾಪ್‌ಟಾಪ್, ಒಂದು ಹಾರೆ ಕಂಡು ಆಕೆಯ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು.

"ಯವ್ವಾ, ನಿನ್ನ ಒಲಿ ಮುಂದಿನ ಫರಸಿ ಒಂದು ಎಬ್ಬಸಬೇಕಾಗೇದ," ಅಂದಳು ಅವ್ವ.

"ನನ್ನ ಅಡಗಿ ಮನಿ ಕೀಳ್ತೀರಾ? ಯಾಕ್ರಿ, ಕೆಳಗ ಬಂಗಾರ ಅದೇನು?"

"ಬಂಗಾರ ಅಲ್ಲವ್ವಾ. ನನ್ನ ಲಗ್ನದ ತಾರೀಖು ಅದ."

ಹಣಮಮ್ಮ ಅವ್ವನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ಗೋಡೆ ನೋಡುತ್ತಿದ್ದ. "ಹಂಗಾದ್ರ ನಾನೂ ನೋಡಬೇಕು," ಎಂದು ಹಣಮಮ್ಮ ತಟಕ್ಕನೆ ಒಲೆ ಆರಿಸಿದಳು.

ಹಾರೆಯನ್ನು ನಾನೇ ಹಾಕಿದೆ. ಒಲೆಯಿಂದ ಮೂರನೆಯ ಫರಸಿ. ಗಚ್ಚು ಬಿರುಕುಬಿಟ್ಟಿತು, ಕಲ್ಲು ಅಲುಗಿತು, ಎಲ್ಲರೂ ಕೈ ಹಾಕಿ ಹೊರಳಿಸಿದೆವು. ಅಡಿಯ ಮೈಗೆ ಮಣ್ಣು ಗಟ್ಟಿಯಾಗಿ ಮೆತ್ತಿತ್ತು. ಹಣಮಮ್ಮ ಒಂದು ಕೊಡ ನೀರು ಸುರಿದಳು. ಮಣ್ಣು ಇಳಿಯಿತು, ಅಕ್ಷರ ಎದ್ದವು, ನಿನ್ನೆ ಕೆತ್ತಿದಂತೆ ಚೂಪಾಗಿ:

'ಸಾಬಣ್ಣ ಮರೆಮ್ಮ ಲಗ್ನ, ಆಷಾಢ ಶುದ್ಧ ಪಂಚಮಿ'.

"ಢ!" ಎಂದು ಭಾಗ್ಯಶ್ರೀ ಚೀರಿದಳು. ನಾನು ಚೀರಿದ್ದು ಬೇರೆ ಕಾರಣಕ್ಕೆ. "ಆಷಾಢ? ಅವ್ವಾ, ನಿಮ್ಮ ಲಗ್ನ ಶ್ರಾವಣದಾಗ ಅಂತ ಹೇಳಿದ್ದಿ!"

"ಶ್ರಾವಣಕ್ಕ ನಮ್ಮ ಮನ್ಯಾಗ ನನಗ ಬ್ಯಾರೆ ಗಂಡು ಗಟ್ಟಿ ಮಾಡಿದ್ರು," ಅಂದಳು ಅವ್ವ, ಹೊಸ ಮದುಮಗಳಂತೆ ಸೆರಗು ಎಳೆದುಕೊಂಡು. "ಆಷಾಢದಾಗ ಯಾರರ ಲಗ್ನ ಆಗತಾರ? ಅದಕ್ಕ ಆವಾಗೇ ಓಡಿ ಬಂದಿವಿ, ಯಾರೂ ಕಾವಲು ಇದ್ದಿದ್ದಿಲ್ಲ. ಸನ್ನತಿ ಚಂದ್ರಲಾಂಬಾ ಗುಡ್ಯಾಗ ತಾಳಿ ಕಟ್ಟಿದ್ರು. ಇವರು ಖುಷಿಲೆ ಕಲ್ಲು ಕೆತ್ತಿದ್ರು, ನಾ ಅಂಜಿ ಬೋರಲು ಹಾಕಿಸಿದ್ದೆ. ಆಷಾಢದ ಲಗ್ನ ಅಂದ್ರ ಹುಟ್ಟೋ ಕೂಸಿಗೆ ಕೆಟ್ಟದಾಗತದ ಅಂತ ಮಂದಿ ಬಾಯಿಗೆ ಬಂದಂಗ ಆಡ್ತಿದ್ರು."

ಹುಟ್ಟಿದ ಕೂಸು ನಾನೇ. ಶ್ರಾವಣದ ಲೆಕ್ಕಕ್ಕೆ ಎಂಟೇ ತಿಂಗಳಿಗೆ ಬಂದವಳು, ಹೊಟ್ಟೆಯಲ್ಲೇ ಆತುರಗೇಡಿ ಎಂದು ಬಂಧುಬಳಗವೆಲ್ಲ ನನ್ನನ್ನು ಆಡಿಕೊಂಡಿತ್ತು. ಅಂದರೆ ನಾನು ಪೂರಾ ಒಂಬತ್ತು ತಿಂಗಳು ಕಾದು ಬಂದವಳು! ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಅವ್ವನನ್ನು ತಬ್ಬಿಕೊಂಡೆ. ಹಣಮಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಲೇ ಇದ್ದಳು.

"ಅಕ್ಕಾ, ಎರಡೂ ಮುಕ್ಕಾಲು," ಅಂದಳು ಭಾಗ್ಯಶ್ರೀ.

ಢದ ಸೀಳಿನಲ್ಲಿ ಗಚ್ಚು ಕೂತಿತ್ತು, ಅಚ್ಚು ಸರಿಯಾಗಿ ಏಳಲಿಲ್ಲ. ನಾನು ಹಾರೆಯ ತುದಿ ಹಾಕಲು ಹೋದೆ. "ಬಿಡು!" ಎಂದು ಗುಡುಗಿದ ಅಪ್ಪ. ನೆಲಕ್ಕೆ ಕುಳಿತ. "ಒಂದು ಬಾರಗಿ ಕಡ್ಡಿ ಕೊಡ್ರಿ." ಹಣಮಮ್ಮ ಪೊರಕೆಯಿಂದ ಕಡ್ಡಿ ಮುರಿದು ಕೊಟ್ಟಳು. ಅಪ್ಪ ಎಡಗೈಯಲ್ಲಿ ಅದನ್ನು ಹಿಡಿದು, ಢದ ಹೊಟ್ಟೆಯಲ್ಲಿನ ಮಣ್ಣನ್ನು ಇಷ್ಟಿಷ್ಟೇ ತೆಗೆದ.

ಪೂರ್ತಿ ತೆಗೆದು, ಊದಿ, ಮುಖ ಕಿವಿಚಿದ. "ಇದು ಬ್ಯಾಡ. ಗೆರಿ ಸೊಟ್ಟಗಾಗೇದ. ಅವತ್ತು ಕೈ ನಡುಗಿತ್ತು."

"ನಡುಗಲಿ ಬಿಡ್ರಿ," ಅಂದಳು ಅವ್ವ. "ಯಾಕ ನಡುಗಿತ್ತು ಅಂತ ನನಗ ಗೊತ್ತಿಲ್ಲೇನು?"

ಹಾಳೆ ಹಾಸಲೆಂದು ಅಪ್ಪ ಕಲ್ಲಿನಿಂದ ಕೈ ತೆಗೆದ.

ಇದ್ದಿಲಿಗೆ ಹಣಮಮ್ಮನ ಒಲೆಯೇ ಇತ್ತು. ಉಜ್ಜಿದೆ, ಫೋನಿನಲ್ಲಿ ಫೋಟೋ ಹೊಡೆದೆ, ಲ್ಯಾಪ್‌ಟಾಪಿಗೆ ಹಾಕಿ ಅಂಚು ತಿದ್ದಿದೆ. ಸೊಟ್ಟ ಗೆರೆಯನ್ನು ಮಾತ್ರ ಮುಟ್ಟಲಿಲ್ಲ. ಢದ ಖಾನೆಯಲ್ಲಿ ಕೂಡಿಸಿ ಫಾಂಟ್ ಹೊಸದಾಗಿ ತುಂಬಿಸಿದಾಗ ಮೂರೂವರೆ.

ಭಾಗ್ಯಶ್ರೀ ಗುಂಡಿ ಒತ್ತಿದಳು. ಗ್ರಾಫ್ ಬಂತು. ಆಷಾಢದ ಕೊನೆಗೆ ಅದೇ ರೆಡಿಮೇಡ್ ಢ ಕುಳಿತಿತ್ತು.

"ಏ ಭಾಗ್ಯಾ!"

"ಒದರಬ್ಯಾಡ್ರಿ ಅಕ್ಕಾ, ಒದರಬ್ಯಾಡ್ರಿ." ಮತ್ತೆ ಒತ್ತಿದಳು. ಅದೇ. ಫಾಂಟ್ ತೆಗೆದು ಮತ್ತೆ ಹಾಕಿದಳು. ಅದೇ. ಮೂರೂ ನಲವತ್ತು. ದೇವಿಂದ್ರಪ್ಪನವರ ಫೋನು ಬಾರಿಸತೊಡಗಿತು. ನಾನು ಎತ್ತಲಿಲ್ಲ. ಹಣಮಮ್ಮ ನಡುವೆ ನುಗ್ಗಿ ಕೇಳಿದಳು, "ಹೊಸಾದು ತುಂಬೀರಿ ಅಂತೀರಿ. ಅದಕ್ಕ ಹಳೇದೇ ನೆಪ್ಪಿರಬೇಕು, ಅಲ್ಲೇನ್ರಿ?"

ಭಾಗ್ಯಶ್ರೀ ಹಣೆ ಹಣೆ ಬಡಿದುಕೊಂಡಳು. "ಹೌದ್ರೀ ಅತ್ತೀ! ಬೆಳಿಗ್ಗೆ ತೆರೆದದ್ದು ಇನ್ನೂ ಮುಚ್ಚೇ ಇಲ್ಲ. ಒಮ್ಮೆ ಓದಿದ ಫಾಂಟೇ ಹಿಡಕೊಂಡು ಕುಂತದ ಇದು!"

ಆರ್ ಅನ್ನು ಪೂರ್ತಿ ಮುಚ್ಚಿದಳು. ತೆರೆದಳು. ಮೊದಲಿನಿಂದ ಒಂದೊಂದೇ ಸಾಲು ನಡೆಸಿದಳು. ಗ್ರಾಫ್ ನಿಧಾನಕ್ಕೆ ಮೂಡಿತು: ಕಂಬ, ಗೆರೆ, ಅಂಕಿ, ಕೊನೆಗೆ ತಿಂಗಳುಗಳು. ಜ್ಯೇಷ್ಠ. ಆಷಾಢ. ಢದ ಹೊಟ್ಟೆ ಅಗಲ, ಗೆರೆ ಸೊಟ್ಟ.

"ಬಂತು! ಬಂತು! ಬಂತು!" ನಾನು ಭಾಗ್ಯಶ್ರೀಯ ಕೆನ್ನೆ ಹಿಂಡಿದೆ, ಅವಳು ಹಣಮಮ್ಮನನ್ನು ಹಿಡಿದು ಕುಣಿಸಿದಳು. ರೊಟ್ಟಿ ಹಿಟ್ಟು ಎಲ್ಲರ ಮೈಮೇಲೆ. ಮೂರೂ ಐವತ್ತೆರಡಕ್ಕೆ ಕಾರ್ಖಾನೆಗೆ ಕಳಿಸಿದೆವು. ಆಮೇಲೆ ಕಾಯುತ್ತ ಕುಳಿತೆವು. ಅಪ್ಪ ಪರದೆಯನ್ನು ನೋಡಿದ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನು ನಂದಲ್ಲ ಅಂದರೆ ದೇವಿಂದ್ರಪ್ಪನವರು ಒಪ್ಪಿದ್ದೂ ಬಿಟ್ಟದ್ದೂ ನನಗೆ ಒಂದೇ.

ಫೋನು ಬಂತು. ಶೌಕತ ಚಾಚಾ. ಸ್ಪೀಕರ್ ಹಾಕಿದೆ.

"ಅರೇ, ಸಾಬಣ್ಣ ಎಲ್ಲಿದ್ದಾನ? ಸಾಬಣ್ಣಾ! ಕೈ ವಾಪಸ್ ಬಂತೇನೋ? ಬಂದದ್ದು ನನಗ ಯಾಕ ಹೇಳಲಿಲ್ಲ? ಈ ಕೈ ನಾ ಮೂವತ್ತು ವರ್ಷ ನೋಡೀನಿ, ಇದು ಯಾರ ಅಕ್ಷರ ಅಂತ ನನಗ ಗೊತ್ತಾಗೂದಿಲ್ಲೇನು? ಅಧ್ಯಕ್ಷರು ಇಲ್ಲೇ ಅದಾರ, ಬಾಯಿ ತಕ್ಕೊಂಡು ನೋಡಾಕತ್ತಾರ."

"ಚಾಚಾ, ಅದು ಕಂಪ್ಯೂಟರಿನ್ಯಾಗ..." ಎಂದು ನಾನು ಸುರು ಮಾಡಿದೆ.

ಅಪ್ಪ ಎಡಗೈ ಎತ್ತಿ ನನ್ನನ್ನು ತಡೆದ. ಫೋನಿನ ಹತ್ತಿರ ಬಾಗಿದ.

"ಹೂಂ ಶೌಕತ, ನಾನೇ ಬರದೀನಿ," ಅಂದ. "ಮರಳು ಸಣ್ಣದು ಹಾಕು. ನಾ ಬರೂತನಕ ಮಶೀನ್ ಸುರು ಮಾಡಬ್ಯಾಡ, ಕಲ್ಲಿನ ಮುಂದ ನಾನೇ ನಿಂದರಬೇಕು."

ನಾವು ಲ್ಯಾಪ್‌ಟಾಪ್ ಚೀಲಕ್ಕೆ ಹಾಕುವಷ್ಟರಲ್ಲಿ ಅವನು ಕೋಲು ಊರುತ್ತ ಅಂಗಳ ದಾಟಿ, ಟಂಟಂ ಹತ್ತಿ ಕುಳಿತು, "ಎಷ್ಟೊತ್ತು ಮಾಡ್ತೀರಿ, ಜಲ್ದಿ ಬರ್ರಿ!" ಎಂದು ನಮಗೆಲ್ಲ ಬೈಯುತ್ತಿದ್ದ.